ಅಮ್ಮನ ಬೆಟ್ಟ ಹತ್ತಿ ಬಂದೆವು

ಇವತ್ತು ನನ್ನ ನಾಯಿ ಗುಂಡನನ್ನು ಕರ್ಕೊಂಡು ಇಂಗ್ಲೆಂಡಿನ ಮ್ಯಾಮ್ ಟಾರ್ ಬೆಟ್ಟ ಹತ್ತಿ ಬಂದೆ. ಶೆಫೀಲ್ಡಿನಿಂದ ಈಡೇಲ್‌ಗೆ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಇಲ್ಲಿ ನಾಯಿಗೆ ಟಿಕೆಟ್ ಬೇಡ. ಎದುರು ಸೀಟಿನ ಅಜ್ಜಿಯೊಬ್ಬರು ಇಳಿಯುವವರೆಗೂ ಅವನ ಕಿವಿ ಸವರುತ್ತಲೇ ಇದ್ದರು.

ಸ್ಟೇಷನ್ನಿಂದ ದಿಣ್ಣೆ ಮೇಲಿನ ಹಾಲಿನ್ಸ್ ಕ್ರಾಸ್‌ವರೆಗೆ ಒಂದೇ ಸಮ ಏರು. ಕುರಿಗಳು ಮೇಯುತ್ತಿದ್ದವು, ಹಾಗಾಗಿ ಗುಂಡನ ಹಗ್ಗ ಬಿಚ್ಚಲಿಲ್ಲ. ಮೇಲೆ ದಿಣ್ಣೆಯುದ್ದಕ್ಕೂ ಚಪ್ಪಡಿ ಹಾಸಿದ್ದಾರೆ. ಅದರ ಮೇಲೆ ನೀರು ಹೆಪ್ಪುಗಟ್ಟಿ ಜಾರುತ್ತಿತ್ತು. ಗುಂಡ ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತಿದ್ದ, ತಿರುಗಿ ನೋಡುತ್ತಿದ್ದ. ನಾನು ಪಕ್ಕಕ್ಕೆ ಬಂದ ಮೇಲೆ ಮತ್ತೆ ನಾಲ್ಕು ಹೆಜ್ಜೆ. ಇಷ್ಟು ತಾಳ್ಮೆಯಿಂದ ನನಗೆ ಕಾದವರು ಕಡಿಮೆ.

ಎತ್ತರ 517 ಮೀಟರ್ ಅಷ್ಟೇ. ಹೆಸರಿಗೆ ತಾಯಿ ಬೆಟ್ಟ ಅಂತ ಅರ್ಥವಂತೆ. ಮಗ್ಗುಲು ಕುಸಿದೂ ಕುಸಿದೂ ಕೆಳಗೆ ಪುಟ್ಟ ಪುಟ್ಟ ದಿಬ್ಬಗಳಾಗಿವೆ, ಅದಕ್ಕೇ ತಾಯಿ. ಕೆಳಗಿದ್ದ ರಸ್ತೆ ಎಷ್ಟು ಸಲ ರಿಪೇರಿ ಮಾಡಿದರೂ ನಿಲ್ಲದೆ, 1979ರಲ್ಲಿ ಮುಚ್ಚಿಯೇ ಬಿಟ್ಟರು.

ತುದಿಯಲ್ಲಿ ನಿಂತು ಹಾಸನಕ್ಕೆ ವಿಡಿಯೊ ಕಾಲ್ ಮಾಡಿದೆ. "ಆ ಚಳೀಲಿ ಯಾಕೋ ಹೋಗ್ತೀಯಾ? ಗುಂಡಂಗೆ ಏನಾದ್ರೂ ಹೊದಿಸಿದ್ಯಾ?" ಅಂದರು ಅಮ್ಮ. ನನ್ನ ಸ್ವೆಟರ್ ವಿಷಯ ಆಮೇಲೆ ಬಂತು. ಊರು ಬಿಟ್ಟು ಬಂದ ಮೇಲೆ ಯಾವ ಬೆಟ್ಟ ಹತ್ತಿದರೂ ಮೊದಲು ನೆನಪಾಗೋದು ಅವರೇ, ಅಲ್ವಾ?

ನಾಲ್ಕಕ್ಕೆಲ್ಲ ಕತ್ತಲು. ವಾಪಸ್ ರೈಲಿನಲ್ಲಿ ಗುಂಡ ನನ್ನ ಶೂ ಮೇಲೆ ತಲೆ ಇಟ್ಟು ಮಲಗಿದ್ದಾನೆ. ಪಾದದ ಕೂದಲಿನ ಮಂಜು ಈಗ ಕರಗುತ್ತಿದೆ.