ಖಾಲಿ ಬಿಟ್ಟ ಸಾಲುಗಳು

ಕಾರವಾರದ ಕಡೆ ಕಾಲೇಜು ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಹಂಚಿನ ಮಾಡಿನ ಮೇಲೆ ಧೋ ಎಂದು ಸುರಿಯತೊಡಗಿದರೆ ಹಿಂದಿನ ಬೆಂಚಿಗೆ ಸರ್ ಮಾತು ಅರ್ಧವೂ ಮುಟ್ಟುವುದಿಲ್ಲ. ಆ ಬೆಂಚುಗಳಲ್ಲಿ ಕುಳಿತು ಹೋದ ನಮಗೆಲ್ಲ ಇದು ನೆನಪಿದೆ. ಈಗ ಕುಳಿತಿರುವ ನಿಮಗೆ ನಿತ್ಯದ ಪಾಡು. ಕೇಳಿಸದ ವಾಕ್ಯ ಬಂದಾಗ ಹೆಚ್ಚಿನವರು ಮಾಡುವುದು ಒಂದೇ: ಮುಂದಿನ ವಾಕ್ಯವನ್ನು ಹಿಂದಿನದಕ್ಕೆ ಅಂಟಿಸಿ ಬರೆದುಕೊಳ್ಳುವುದು. ಪರೀಕ್ಷೆಯ ಹಿಂದಿನ ರಾತ್ರಿ ಪುಟ ತೆರೆದರೆ ಕಾರಣ ಒಂದರದು, ಪರಿಣಾಮ ಇನ್ನೊಂದರದು. ಎರಡು ಸಾಲು ಖಾಲಿ ಬಿಟ್ಟು, ಅಂಚಿನಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿದ್ದರೆ ಆ ಗೊಂದಲವೇ ಇರುತ್ತಿರಲಿಲ್ಲ. ನೋಟ್ಸ್ ಬರೆಯುವ ವಿದ್ಯೆ ಬಹುಪಾಲು ಇರುವುದು ಎಲ್ಲಿ ಬರೆಯದೆ ಬಿಡಬೇಕು ಎಂಬ ತಿಳಿವಳಿಕೆಯಲ್ಲಿ.

ಲೆಕ್ಕ ನೋಡಿ. ಪಾಠ ಮಾಡುವವರು ನಿಮಿಷಕ್ಕೆ ನೂರಕ್ಕೂ ಹೆಚ್ಚು ಶಬ್ದ ಆಡುತ್ತಾರೆ. ಕೈಗೆ ಓಡುವುದು 20–30 ಶಬ್ದ. ಎಲ್ಲವನ್ನೂ ಹಿಡಿಯಲು ಹೊರಟ ಕೈ ಹಿಂದೆ ಬೀಳುತ್ತದೆ, ಅದರ ಜೊತೆಗೆ ಕಿವಿಯೂ ಹಿಂದೆ ಬೀಳುತ್ತದೆ.

ಪುಟವನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಬನ್ನಿ. ಎ4 ಅಳತೆಯ ಉದ್ದ ನೋಟ್‌ಬುಕ್ಕಿನಲ್ಲಿ ಎಡಗಡೆ ಸ್ಕೇಲ್ ಇಟ್ಟು 6 ಸೆಂಟಿಮೀಟರ್‌ಗೆ ಉದ್ದ ಗೆರೆ, ಕೆಳಗಿನಿಂದ 5 ಸೆಂಟಿಮೀಟರ್‌ಗೆ ಅಡ್ಡ ಗೆರೆ. ಬಲಗಡೆಯ ದೊಡ್ಡ ಜಾಗ ಮಾತ್ರ ತರಗತಿಯ ಹೊತ್ತಿಗೆ. ಎಡಪಟ್ಟಿಯೂ ಕೆಳಪಟ್ಟಿಯೂ ಸಂಜೆಯವರೆಗೆ ಖಾಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ 1950ರ ದಶಕದಲ್ಲಿ ರೂಪಿಸಿದ ಕ್ರಮ ಇದು. ಗೆರೆ ಎಳೆದುಕೊಂಡವರು ಅನೇಕರು ಎಡಪಟ್ಟಿಯನ್ನೂ ತರಗತಿಯಲ್ಲೇ ತುಂಬಿಬಿಡುತ್ತಾರೆ. ಆಗ ಅದು ಬರೀ ಅಗಲದ ಮಾರ್ಜಿನ್. ನಮ್ಮ ಮಳೆಗಾಲಕ್ಕೆ ಇನ್ನೊಂದು ಮಾತು: ಇಂಕ್ ಪೆನ್, ಜೆಲ್ ಪೆನ್ ಬೇಡ. ತಂಡಿ ಹಿಡಿದ ಹಾಳೆಯಲ್ಲಿ ಅಕ್ಷರ ಹರಡಿ ಒತ್ತಕ್ಷರ ಯಾವುದೆಂದು ಗೊತ್ತಾಗುವುದಿಲ್ಲ. ಬಾಲ್ ಪೆನ್ನೇ ಸರಿ, ಹಾಳೆಯ ಒಂದೇ ಬದಿಗೆ.

ಒಂದು ಪುಟವನ್ನು ಹತ್ತಿರದಿಂದ ನೋಡೋಣ. ಸಸ್ಯಶಾಸ್ತ್ರದ ತರಗತಿ, ವಿಷಯ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್; ಕಾಳಿ ನದಿಯ ಅಳಿವೆಯ ದಂಡೆಯಲ್ಲಿ ನೀವೆಲ್ಲ ಕಂಡಿರುವ ಗಿಡಗಳೇ. ಬಲಗಡೆ ಹೀಗೆ ಬಿದ್ದಿದೆ: "ಕೆಸರು → ಗಾಳಿ ಕಡಿಮೆ → ಉಸಿರುಬೇರು ಮೇಲಕ್ಕೆ. ಬೀಜ ಮರದಲ್ಲೇ ಮೊಳಕೆ. ಉಪ್ಪು ಎಲೆಯಿಂದ ಹೊರಗೆ." ಮೊದಲ ಸಾಲು ಚೆನ್ನಾಗಿದೆ, ಬಾಣದ ಗುರುತೇ ಕಾರಣ ಹೇಳುತ್ತದೆ. ಕೊನೆಯ ಸಾಲು ಮಾತ್ರ ಕೆಲಸಕ್ಕೆ ಬರುವುದಿಲ್ಲ. ಯಾವ ಗಿಡ? ಅವಿಸೆನಿಯಾ ಎಲೆಯ ಗ್ರಂಥಿಗಳಿಂದ ಉಪ್ಪನ್ನು ಹೊರಹಾಕುತ್ತದೆ. ರೈಜೋಫೊರಾ ಉಪ್ಪಿನ ಹೆಚ್ಚಿನ ಪಾಲನ್ನು ಬೇರಿನಲ್ಲೇ ತಡೆಯುತ್ತದೆ. ಉಸಿರುಬೇರೂ ಅಷ್ಟೇ: ಅವಿಸೆನಿಯಾದ್ದು ಕೆಸರಿನಿಂದ ಪೆನ್ಸಿಲ್ಲಿನಂತೆ ಎದ್ದು ನಿಂತದ್ದು, ರೈಜೋಫೊರಾದ್ದು ಕಾಂಡದಿಂದ ಕಮಾನಿನಂತೆ ಇಳಿದದ್ದು. ಏನಾಗುತ್ತದೆ ಎಂದು ಬರೆದು ಯಾರಿಗೆ ಎಂಬುದನ್ನು ಬಿಟ್ಟ ಸಾಲು ಪರೀಕ್ಷೆಯಲ್ಲಿ ದಾರಿ ತಪ್ಪಿಸುತ್ತದೆ. ಅವಸರದಲ್ಲಿ ಏನನ್ನು ಬೇಕಾದರೂ ಚುಟುಕಾಗಿಸಿ, ಹೆಸರನ್ನು ಬಿಡಬೇಡಿ.

"ಇದಕ್ಕೆ ಮೂರು ಕಾರಣ" ಎಂದು ಮೇಡಮ್ ಹೇಳಿದ ಕೂಡಲೇ 1, 2, 3 ಎಂದು ನಡುವೆ ಮೂರು ಮೂರು ಸಾಲು ಬಿಟ್ಟು ಅಂಕಿಗಳನ್ನು ಬರೆದುಬಿಡಿ. ತರಗತಿ ಮುಗಿದಾಗ ಮೂರರ ಮುಂದೆ ಏನೂ ಇಲ್ಲದಿದ್ದರೆ ಏನು ಕೇಳಬೇಕೆಂದು ನಿಮಗೆ ಗೊತ್ತು.

ಕನ್ನಡದಲ್ಲಿ ನಡೆಯುವ ಪಾಠಕ್ಕೆ ಒಂದು ಎಚ್ಚರ ಬೇಕು, ಇದನ್ನು ಯಾರೂ ಹೇಳಿಕೊಡುವುದು ಕಾಣೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ. ಹೌದೋ ಅಲ್ಲವೋ ಎಂಬುದು ತಿಳಿಯುವುದೂ ಕೊನೆಗೆ. "ಕಾಂಡ್ಲಾ ಗಿಡಗಳಿಗೆಲ್ಲ ಬದುಕಲು ಉಪ್ಪುನೀರು ಬೇಕೇ ಬೇಕು..." ಎನ್ನುವಷ್ಟರಲ್ಲಿ ಪೆನ್ನು ಓಡಿರುತ್ತದೆ. ಸರ್ "...ಎಂದೇನಿಲ್ಲ, ಸಿಹಿನೀರಿನಲ್ಲೂ ಹಲವು ಬೆಳೆಯುತ್ತವೆ" ಎಂದು ಮುಗಿಸುತ್ತಾರೆ. ಪುಸ್ತಕದಲ್ಲಿ ಉಳಿದದ್ದು ತದ್ವಿರುದ್ಧ. ವಾಕ್ಯ ಮುಗಿಯುವವರೆಗೆ ಪೆನ್ನು ತಡೆದು, ಅವರು ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ಬರೆಯಿರಿ.

ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಡಿಗ್ರಿಯಲ್ಲಿ ಇಂಗ್ಲಿಷ್ ಎಂಬ ಮಕ್ಕಳು ನಮ್ಮಲ್ಲಿ ಬಹಳ. ಪಾರಿಭಾಷಿಕ ಪದವನ್ನು ಸರ್ ಹೇಳಿದ ಭಾಷೆಯಲ್ಲೇ ಇಟ್ಟು, ವಿವರಣೆಯನ್ನು ನಿಮ್ಮ ಮಾತಿನಲ್ಲಿ ಬರೆಯಿರಿ, ಬೆರಕೆಯಾಯಿತೆಂದು ನಾಚಬೇಕಾಗಿಲ್ಲ. ಸಂಕ್ಷಿಪ್ತ ಅಕ್ಷರಗಳು ಇಪ್ಪತ್ತೈದರ ಒಳಗಿರಲಿ, ರಟ್ಟಿನ ಒಳಬದಿಯಲ್ಲಿ ಅವುಗಳ ಪಟ್ಟಿ ಇರಲಿ. "ಸಂ." ಎಂದಷ್ಟೇ ಬರೆದರೆ ಅದು ಸಂವಿಧಾನವೋ ಸಂಶೋಧನೆಯೋ ಮೂರು ತಿಂಗಳ ಮೇಲೆ ಯಾರಿಗೆ ನೆನಪು? ಗ್ರಾಫ್ ಆದರೆ ಮೊದಲು ಎರಡು ಅಕ್ಷಗಳ ಹೆಸರು, ಆಮೇಲೆ ಗೆರೆ. ಲೆಕ್ಕದ ಸಾಧನೆಯಲ್ಲಿ ಪ್ರತಿ ಹಂತದ ಪಕ್ಕ ಏಕೆ ಎಂಬ ಒಂದು ಶಬ್ದ.

ಇನ್ನು ಸಂಜೆ. ಜರ್ಮನಿಯ ಮನೋವಿಜ್ಞಾನಿ ಹೆರ್ಮಾನ್ ಎಬ್ಬಿಂಗ್‌ಹೌಸ್ 1885ರಲ್ಲಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಅಳೆದು ತೋರಿಸಿದ್ದು, ಮರೆವು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿ ನಡೆಯುತ್ತದೆ ಎಂದು. ಅರ್ಥವಿರುವ ಪಾಠ ಅಷ್ಟು ಬೇಗ ಅಳಿಯದು. ಆದರೂ ಖಾಲಿ ಸಾಲು ತುಂಬುವ ಕೆಲಸ ಅದೇ ದಿನವೇ ಆಗಬೇಕು. ತರಗತಿಯೊಂದಕ್ಕೆ ಹತ್ತರಿಂದ ಹದಿನೈದು ನಿಮಿಷ ಸಾಕು. ಮೊದಲು ಪ್ರಶ್ನೆ ಚಿಹ್ನೆಯ ಜಾಗಗಳನ್ನು ಪಠ್ಯಪುಸ್ತಕ ನೋಡಿ ತುಂಬಿ. ಆಮೇಲೆ ಎಡಪಟ್ಟಿಯಲ್ಲಿ ಪ್ರಶ್ನೆಗಳನ್ನು ಬರೆಯಿರಿ. "ಉಸಿರುಬೇರು" ಎಂಬ ತಲೆಬರಹ ಬೇಡ, "ಕೆಸರಿನಲ್ಲಿ ಬೇರು ಉಸಿರಾಡುವುದು ಹೇಗೆ?" ಎಂದಿರಲಿ. ಕೊನೆಗೆ ಕೆಳಪಟ್ಟಿಯಲ್ಲಿ ಇಡೀ ಪುಟದ ಸಾರ ಎರಡು ವಾಕ್ಯದಲ್ಲಿ, ಪುಟ ನೋಡದೆ. ಬರೆಯಲು ಬರಲಿಲ್ಲವೆಂದರೆ ಪಾಠ ತಿಳಿದಿಲ್ಲ, ಅದನ್ನು ಆ ಸಂಜೆಯೇ ತಿಳಿದುಕೊಳ್ಳುವುದು ಒಳ್ಳೆಯದಲ್ಲವೇ? ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಬರೆಯಲಾಗುವುದಿಲ್ಲ, ಆದರೆ ಬಲಗಡೆಯನ್ನು ಕೈಯಲ್ಲಿ ಮುಚ್ಚಿ ಎಡಗಡೆಯ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಬಹುದು.

ಬೋರ್ಡಿನ ಫೋಟೋ ತೆಗೆಯುವವರು ಆ ಸಂಜೆಯೇ ಚಿತ್ರವನ್ನು ಕೈಯಿಂದ ಬಿಡಿಸಿ ಫೋಟೋ ಅಳಿಸಬೇಕು. ಇಲ್ಲದಿದ್ದರೆ ಅದು ಮದುವೆ ಫೋಟೋಗಳ ನಡುವೆ ಕಳೆದುಹೋಗುತ್ತದೆ. ಸರ್ ನೋಟ್ಸ್ ಬರೆಸುವ ವಿಷಯದಲ್ಲಿಯೂ ಎಡಪಟ್ಟಿ ಬೇಕೇ ಬೇಕು, ಏಕೆಂದರೆ ಅಲ್ಲಿ ಕೈ ಓಡುತ್ತದೆಯೇ ಹೊರತು ತಲೆ ಓಡುವುದಿಲ್ಲ.

ಜ್ವರ ಬಂದು, ಬಸ್ ತಪ್ಪಿ ತರಗತಿಗೆ ಹೋಗಲಾಗದಿದ್ದರೆ ಮೂರು ಪುಟ ಬಿಟ್ಟು ಮುಂದುವರಿಸಿ. ಒಬ್ಬರ ನೋಟ್ಸ್ ಝೆರಾಕ್ಸ್ ಮಾಡಿಸುವ ಬದಲು ಇಬ್ಬರದ್ದನ್ನು ಪಕ್ಕಪಕ್ಕ ಇಟ್ಟುಕೊಂಡು ಕೈಯಿಂದ ಬರೆಯಿರಿ; ಒಬ್ಬರು ಬಿಟ್ಟದ್ದು ಇನ್ನೊಬ್ಬರಲ್ಲಿ ಸಿಗುತ್ತದೆ. ಇಬ್ಬರಲ್ಲೂ ಇಲ್ಲದ ಕಡೆ ಸಾಲು ಖಾಲಿಯೇ ಇರಲಿ. ಮರುದಿನ ಸ್ಟಾಫ್ ರೂಮಿಗೆ ಹೋಗುವಾಗ ಆ ಪುಟವನ್ನೇ ತೆರೆದು ಹಿಡಿದುಕೊಂಡು ಹೋಗಿ.