ಸುಮ್ನೆ ನೋಡೋದಷ್ಟೇ

ಹೋದ ವರ್ಷದ ಗರಿಗಳನ್ನು ತಂದುಕೊಡಿ ಎಂದು ಭಾನುವಾರ ಚರ್ಚಿನಲ್ಲಿ ಪೂಜೆಯ ಕೊನೆಗೆ ಫಾದರ್ ಹೇಳಿದರು. ನಮ್ಮ ಮನೆಯಲ್ಲಿ ಅದು ದೇವರ ಪಟದ ಹಿಂದೆ ಸಿಕ್ಕಿಸಿದ್ದು ಹಾಗೇ ಇತ್ತು. ಮುಟ್ಟಿದರೆ ಪುಡಿ ಉದುರಿತು. ಪಾಸ್ಕ ಹಬ್ಬದ (ಈಸ್ಟರ್) ಹಿಂದಿನ ವಾರ ಬರುವ ಗರಿಗಳ ಭಾನುವಾರ ಅದನ್ನು ಎತ್ತಿ ಹಿಡಿದು ಹೊಸಾನ್ನ ಹಾಡುತ್ತಾ ಬೀದಿ ಸುತ್ತಿ ಬಂದಾಗ ಹಸಿರಾಗಿತ್ತು. ಈಗ ಅದನ್ನೇ ಸುಟ್ಟು ಬೂದಿ ಮಾಡಿ ಬೂದಿ ಬುಧವಾರ ನಮ್ಮ ಹಣೆಗೆ ಇಡುತ್ತಾರೆ. ಪಾಸ್ಕಕ್ಕೆ ಮುಂಚಿನ 40 ದಿನದ ಉಪವಾಸ, ನಮ್ಮ ತಪಸ್ಸು ಕಾಲ, ಶುರುವಾಗುವುದು ಅವತ್ತೇ. ಜೈಕಾರ ಹಾಕಿದ ಗರಿಯೇ ಬೂದಿ. ನಮ್ಮ ಹಬ್ಬಗಳಲ್ಲಿ ಇಷ್ಟು ಖಾರವಾದ ತಮಾಷೆ ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ.

ಬೂದಿ ಇಡುವಾಗ ಹೇಳುವ ಮಾತು ಗೊತ್ತಲ್ಲ, ನೀನು ಮಣ್ಣು, ಮಣ್ಣಿಗೇ ಸೇರುತ್ತೀ ಅಂತ. ಅದು ಬೈಬಲಿನ ಆದಿಕಾಂಡದ 3ನೇ ಅಧ್ಯಾಯದ್ದು. ಮೊದಲ ಹೆಣ್ಣು ಹವ್ವ ದೇವರು ಬೇಡವೆಂದ ಹಣ್ಣು ತಿಂದ ಅಧ್ಯಾಯವೂ ಅದೇ. ಅವತ್ತೇ ಓದುವ ಶುಭಸಂದೇಶ (ಯೇಸುಸ್ವಾಮಿಯ ಬದುಕು ಹೇಳುವ ಬೈಬಲಿನ ಭಾಗ) ಮತ್ತಾಯನದು. ಉಪವಾಸ ಮಾಡುವಾಗ ಮುಖ ಸಪ್ಪಗೆ ಮಾಡಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ, ಜನಕ್ಕೆ ಗೊತ್ತಾಗದಿರಲಿ ಎನ್ನುತ್ತಾರೆ ಯೇಸುಸ್ವಾಮಿ. ಅದನ್ನು ಕೇಳಿಸಿಕೊಂಡು, ಹಣೆ ತುಂಬ ಬೂದಿ ಇಡಿಸಿಕೊಂಡು, ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತೇವೆ ನಾವು. ನಾನೂ ಹೋಗಿದ್ದೇನೆ. ಒರೆಸಿಕೊಳ್ಳಲೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚನೆ.

ನಮ್ಮಮ್ಮನ ಕಾಲದ ತಪಸ್ಸು ಕಾಲ ಬೇರೆ ಥರ ಇತ್ತು. ಬೂದಿ ಬುಧವಾರದ ಹಿಂದಿನ ದಿನ ಮನೆಯಲ್ಲಿ ಬಾಡೂಟ. ಅದಾದ ಮೇಲೆ ಪಾಸ್ಕ ಹಬ್ಬದವರೆಗೆ ಬಾಡು ಅನ್ನುವ ಮಾತೇ ಇಲ್ಲ. ನಮ್ಮ ಕಥೋಲಿಕ ಧರ್ಮಸಭೆಯ ಕಟ್ಟಳೆ ಇಷ್ಟು ಕಠಿಣವಾಗಿಲ್ಲ. 18 ತುಂಬಿದವರಿಂದ 59ರವರೆಗೆ ಬೂದಿ ಬುಧವಾರ, ಶುಭ ಶುಕ್ರವಾರ (ಗುಡ್ ಫ್ರೈಡೆ) ಎರಡೇ ದಿನ ಉಪವಾಸ. ಅದರಲ್ಲೂ ಒಂದು ಹೊತ್ತಿನ ಪೂರ್ತಿ ಊಟ ಇದೆ. ಅಮ್ಮ ಕಟ್ಟಳೆ ಓದಿದವರಲ್ಲ. ಶುಕ್ರವಾರ ಶುಕ್ರವಾರ ಗಂಜಿ, ಉಪ್ಪಿನಕಾಯಿ. ಸಾಯಂಕಾಲದ ಕಾಫಿ ಬಿಡುತ್ತಿದ್ದರು. ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಡಬ್ಬಕ್ಕೆ ಹೋಗುತ್ತಿತ್ತು, ಅದು ಇಲ್ಲದವರ ಮನೆಗೆ. ಇದನ್ನೆಲ್ಲ ಯಾರಿಗೂ ಹೇಳುತ್ತಿರಲಿಲ್ಲ. ಕಾಫಿ ಬೇಡವಾ ಎಂದು ಯಾರಾದರೂ ಕೇಳಿದರೆ, ಹೊಟ್ಟೆ ಸರಿ ಇಲ್ಲ ಎನ್ನುತ್ತಿದ್ದರು. ತಪಸ್ಸು ಕಾಲದಲ್ಲಿ ಸುಳ್ಳು ಹೇಳಬಹುದಾ ಅಂತ ನಾನು ಒಮ್ಮೆ ಕೇಳಿ ಬೈಸಿಕೊಂಡಿದ್ದೆ.

ನನಗೆ ಬಾಡು ಬಿಡುವುದು ಕಷ್ಟವೇ ಅಲ್ಲ. ಕಾಫಿಯೂ ಅಷ್ಟೇ. ನನ್ನನ್ನು ಹಿಡಿದು ಜಗ್ಗುವ ಲೋಕ ಇರುವುದು ಫೋನಿನಲ್ಲಿ. ರಾತ್ರಿ ಪಾತ್ರೆ ತೊಳೆದು ಮಂಚಕ್ಕೆ ಒರಗಿದರೆ ಸೀರೆ, ಬ್ಯಾಗು, ಪಾತ್ರೆ, ದಿಂಬಿನ ಕವರು. ಬೇಕಾದ್ದು ಒಂದೂ ಇಲ್ಲ. ಹಾಗಾಗಿ ಹೋದ ವರ್ಷ ಹರಕೆ ಹೊತ್ತೆ: ಊಟ, ಔಷಧ ಬಿಟ್ಟು 40 ದಿನ ಏನನ್ನೂ ಕೊಳ್ಳುವುದಿಲ್ಲ. ಆ್ಯಪ್ ತೆಗೆದುಹಾಕಿದೆ. ಮೊದಲ ವಾರ ಏನು ಹಗುರ ಅಂತೀರಿ! ಜಪಮಾಲೆ ಮುಗಿಸಿ ಒಂಬತ್ತೂವರೆಗೆ ನಿದ್ದೆ.

ಎರಡನೇ ವಾರ ಮದುವೆ ಕರೆಯೋಲೆ ಬಂತು. ತಪಸ್ಸು ಕಾಲದಲ್ಲಿ ನಮ್ಮಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ, ಎಲ್ಲ ಪಾಸ್ಕ ಆದ ಮೇಲೆ. ಮದುವೆ ಅಂದಮೇಲೆ ಸೀರೆ ಬೇಕಲ್ಲ. ಕೊಳ್ಳುವುದು ಬೇಡ, ಸುಮ್ನೆ ನೋಡೋದಷ್ಟೇ. ನನ್ನ ಫೋನಲ್ಲಿ ಆ್ಯಪ್ ಇಲ್ಲ, ಸರಿ, ಯಜಮಾನರ ಫೋನಲ್ಲಿ ಇದೆ. ನೋಡಿದೆ. ಗಿಣಿ ಹಸಿರು, ಮೆರೂನ್ ಅಂಚು. ಕಾರ್ಟಿಗೆ ಹಾಕಿದೆ. ಕಾರ್ಟಿಗೆ ಹಾಕಿದರೆ ಕೊಂಡ ಹಾಗಲ್ಲ, ಅಲ್ವಾ? ಮರುದಿನ ಇನ್ನೊಂದು ಲೆಕ್ಕ ಹೊಳೆಯಿತು. ಬೂದಿ ಬುಧವಾರದಿಂದ ಪಾಸ್ಕದ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ. 6 ಭಾನುವಾರ ಕಳೆದರೆ 40. ಭಾನುವಾರ ಪ್ರಭುವಿನ ದಿನ, ಉಪವಾಸದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ಭಾನುವಾರ ಕೊಂಡರೆ? ನಾನು ಧರ್ಮಶಾಸ್ತ್ರ ಕಲಿತದ್ದು ಸೀರೆಯ ದೆಸೆಯಿಂದ.

ಆ ವಾರವೇ ಆಕಾನನ ಕತೆ ಓದಿದ್ದು. ಬೈಬಲಿನ ಯೆಹೋಶುವನ ಗ್ರಂಥದ 7ನೇ ಅಧ್ಯಾಯ. ಇಸ್ರಯೇಲರ ಕೈಗೆ ಯೆರಿಕೋ ಪಟ್ಟಣ ಬಿದ್ದಿದೆ. ಅಲ್ಲಿಯ ಯಾವ ವಸ್ತುವನ್ನೂ ಯಾರೂ ಇಟ್ಟುಕೊಳ್ಳಬಾರದು ಎಂದು ಆಜ್ಞೆ. ಆಕಾನ ಇಟ್ಟುಕೊಂಡ. ಮುಂದಿನ ಊರಾದ ಆಯಿಯ ಮುಂದೆ ಇಸ್ರಯೇಲರು ಸೋತು ಓಡಿದರು, ಸುಮಾರು 36 ಜನ ಸತ್ತರು. ಯಾರಿಂದ ಹೀಗಾಯಿತು ಎಂದು ಹುಡುಕುತ್ತಾ ಹುಡುಕುತ್ತಾ ಇವನ ಬಳಿಗೆ ಬಂದಾಗ ಎಲ್ಲ ಒಪ್ಪಿಕೊಂಡ. ಕೊಳ್ಳೆಯಲ್ಲಿ ಶಿನಾರ್ ದೇಶದ ಚೆಂದದ ನಿಲುವಂಗಿ, 200 ಶೆಕೆಲ್ (ಆ ಕಾಲದ ತೂಕ) ಬೆಳ್ಳಿ, 50 ಶೆಕೆಲ್ ತೂಕದ ಚಿನ್ನದ ಗಟ್ಟಿ ಕಂಡೆ. ಆಸೆಪಟ್ಟೆ. ತೆಗೆದುಕೊಂಡೆ. ಡೇರೆಯೊಳಗೆ ಮಣ್ಣಲ್ಲಿ ಹೂತಿಟ್ಟೆ.

ನೋಡಿ, ಹವ್ವಳದೂ ಇದೇ ದಾರಿ. ಕಂಡಳು, ಆಸೆ ಹುಟ್ಟಿತು, ತೆಗೆದುಕೊಂಡಳು. ಹೀಬ್ರೂ ಮೂಲದಲ್ಲೂ ಎರಡೂ ಕಡೆ ಅವೇ ಮೂರು ಪದಗಳ ಬೇರು ಇದೆ. ಅವಳು ತಿಂದಳು, ಇವನು ಹೂತ. ಶುರುವಾಗಿದ್ದು ಮಾತ್ರ ಕಣ್ಣಿನಿಂದಲೇ. ನನ್ನ ಮನಸ್ಸಿಗೆ ಅಂಟಿಕೊಂಡಿದ್ದು ಆ ನಿಲುವಂಗಿ. ಬೆಳ್ಳಿ ಚಿನ್ನ ಬಿಡಿ, ಮುಂದೆ ಎಂದಾದರೂ ಕರಗಿಸಬಹುದಿತ್ತು. ಆ ಅಂಗಿಯನ್ನು ಅವನು ಎಲ್ಲಿ ಹಾಕಿಕೊಳ್ಳುತ್ತಿದ್ದ? ಪಕ್ಕಪಕ್ಕದ ಡೇರೆಗಳು. ಎಲ್ಲರೂ ನಲವತ್ತು ವರ್ಷ ಬೆಂಗಾಡಿನಲ್ಲಿ ನಡೆದು ಬಂದ ಜನ. ನಡುವೆ ಒಬ್ಬ ಶಿನಾರಿನ ಅಂಗಿ ತೊಟ್ಟು ಹೊರಗೆ ಬಂದರೆ ಕೇಳದೇ ಇರುತ್ತಾರಾ? ಒಂದು ದಿನವೂ ತೊಡಲಾಗದ ಬಟ್ಟೆಗಾಗಿ ಅಷ್ಟೆಲ್ಲ ಆಯಿತು. ಮಣ್ಣು ಅಗೆಯುವಾಗ ಅವನೂ ಅಂದುಕೊಂಡಿರಬೇಕು, ಸುಮ್ನೆ ಇಟ್ಟಿರೋದಷ್ಟೇ.

ಯೇಸುಸ್ವಾಮಿ 40 ದಿನ ಉಪವಾಸವಿದ್ದದ್ದು ಇಲ್ಲೇ ಎಂದು ಹಿಂದಿನಿಂದಲೂ ತೋರಿಸುವ ಬೆಟ್ಟ ಇರುವುದೂ ಆ ಯೆರಿಕೋ ಪಕ್ಕದಲ್ಲೇ. ಜೆಬೆಲ್ ಕುರುಂತುಲ್ ಅದರ ಹೆಸರು, ಹೆಸರಿನಲ್ಲೇ ನಲವತ್ತು ಇದೆ. ಬಂಡೆಗೆ ಅಂಟಿಕೊಂಡ ಹಾಗೆ ಗ್ರೀಕ್ ಆರ್ಥಡಾಕ್ಸ್ ಸಂನ್ಯಾಸಿಗಳ ಮಠ. ಈಗ ಊರಿನಿಂದ ಮೇಲಕ್ಕೆ ಕೇಬಲ್ ಕಾರ್ ಕೂಡ ಇದೆಯಂತೆ. ಶೋಧನೆಯ ಬೆಟ್ಟಕ್ಕೆ ಕೂತುಕೊಂಡೇ ಹೋಗಿಬರಬಹುದು!

ತಪಸ್ಸು ಕಾಲದ ಮೊದಲ ಭಾನುವಾರ ಪ್ರತಿ ವರ್ಷ ಇದೇ ಪ್ರಸಂಗ, ಬೆಂಗಾಡಿನಲ್ಲಿ ಸೈತಾನ ಯೇಸುಸ್ವಾಮಿಯನ್ನು ಶೋಧಿಸಿದ್ದು, ಓದುತ್ತಾರೆ. ಶುಭಸಂದೇಶ ಬರೆದವರಲ್ಲಿ ಮಾರ್ಕ ಎರಡು ವಚನದಲ್ಲಿ ಮುಗಿಸುತ್ತಾನೆ. ಮತ್ತಾಯ, ಲೂಕ ಬಿಡಿಸಿ ಹೇಳುತ್ತಾರೆ. ಎಷ್ಟೋ ಸಲ ಕೇಳಿದ್ದರೂ, ಆಕಾನನ ಕತೆಯ ನಂತರ ಮತ್ತೆ ತೆಗೆದು ಓದಿದಾಗಷ್ಟೇ ಒಂದು ಮಾತು ಕಣ್ಣಿಗೆ ಬಿತ್ತು. ಕಲ್ಲನ್ನು ರೊಟ್ಟಿ ಮಾಡಿಕೋ ಎಂಬ ಮಾತು ಬಂದದ್ದು ಆ 40 ದಿನ ಮುಗಿದ ಮೇಲೆ, ಹಸಿವಾದಾಗ. ಹರಕೆ ತೀರಿದೆ. ಇನ್ನು ತಿಂದರೆ ತಪ್ಪೇನು? ಸೈತಾನ ಕೆಟ್ಟದ್ದನ್ನು ಕೇಳಲೇ ಇಲ್ಲ. ಹಸಿದವರಿಗೆ ರೊಟ್ಟಿ, ಅಷ್ಟೇ. ಮನೆಯ ಹಿರಿಯರು ತಟ್ಟೆ ಹಾಕಿ ಕರೆದ ಹಾಗಿದೆ ಅವನ ಮಾತು. ದೇವಾಲಯದ ತುದಿಯಿಂದ ಹಾರು ಎನ್ನುವಾಗ ಬೈಬಲಿನ 91ನೇ ಕೀರ್ತನೆಯನ್ನೇ ಬಾಯಿಪಾಠ ಒಪ್ಪಿಸುತ್ತಾನೆ. ನನ್ನ 46 ಕಳೆ 6 ಲೆಕ್ಕ ನೆನಪಾಗಿ ಮೈ ಜುಂ ಅಂದಿತು. ನಾನೂ ಸಭೆಯ ಪಂಚಾಂಗವನ್ನೇ ತಾನೇ ಸಾಕ್ಷಿಗೆ ಕರೆದದ್ದು.

ಯೇಸುಸ್ವಾಮಿ ಸೈತಾನನ ಮೂರು ಶೋಧನೆಗೂ ಉತ್ತರ ಕೊಟ್ಟದ್ದು ಬೈಬಲಿನ ಧರ್ಮೋಪದೇಶಕಾಂಡದಿಂದ, ಬೆಂಗಾಡಿನ ನಲವತ್ತು ವರ್ಷ ನೆನಪಿಸುವ ಆ ಪುಟಗಳಿಂದ. ಉದ್ದುದ್ದ ವಾದ ಮಾಡಲಿಲ್ಲ. ಒಂದೊಂದೇ ಸಾಲು. ನಾನಾದರೋ ಸೀರೆಯ ಜೊತೆ ವಾರಗಟ್ಟಲೆ ವಾದ ಮಾಡಿದೆ.

ಫಾದರ್ ಹತ್ತಿರ ಪಾಪನಿವೇದನೆಗೆ ಹೋದಾಗ ಹೇಳಿದೆ: ಸ್ವಾಮಿ, ಹರಕೆ ಮುರಿದಿಲ್ಲ, ಸುಮ್ನೆ ನೋಡಿದೆ ಅಷ್ಟೇ. ಆ ಕಡೆಯಿಂದ ಒಂದೇ ಪ್ರಶ್ನೆ. "ಎಷ್ಟು ಸಲ?" ಎಣಿಸಿರಲಿಲ್ಲ. ಯೇಸುಸ್ವಾಮಿಯ ಪಾಡು ನೆನೆದು ನಿಂತು ನಿಂತು ಪ್ರಾರ್ಥಿಸುವ ಶಿಲುಬೆಯ ಹಾದಿಯಲ್ಲಿ 14 ಸ್ಥಳ. ಅದಕ್ಕಿಂತ ಜಾಸ್ತಿ ಸಲ ಆ ಸೀರೆಯ ಮುಂದೆ ನಿಂತಿದ್ದೆ ಅನ್ನುವುದಂತೂ ಖಾತ್ರಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಅವತ್ತು ಯಜಮಾನರ ಫೋನ್ ಮುಟ್ಟುವುದನ್ನು ಬಿಟ್ಟೆ.

ಫೋನ್ ಬಿಟ್ಟರೂ ಸೀರೆ ಬಿಡಲಿಲ್ಲ. ಪೂಜೆಯಲ್ಲಿ ಕೂತರೂ ಗಿಣಿ ಹಸಿರು. ನನಗೇ ಹೇಸಿಗೆ. ಆಗ ಕೈ ಹಿಡಿದವರು ಈಜಿಪ್ಟಿನ ಬೆಂಗಾಡಿನಲ್ಲಿ ಬಾಳಿದ ಒಬ್ಬ ಹಿರಿಯ ಸಂನ್ಯಾಸಿ, ಅಬ್ಬಾ ಪೊಯ್ಮೆನ್. ಅಬ್ಬಾ ಅಂದರೆ ತಂದೆ, ಪೊಯ್ಮೆನ್ ಅಂದರೆ ಕುರುಬ. ಒಬ್ಬ ಸಹೋದರ ಬಂದು, ಮನಸ್ಸಿಗೆ ಏನೇನೋ ಯೋಚನೆಗಳು ನುಗ್ಗುತ್ತವೆ, ಹಾಳಾಗುತ್ತಿದ್ದೇನೆ ಅಂದನಂತೆ. ಅಬ್ಬಾ ಅವನನ್ನು ಹೊರಗೆ ಕರೆದುಕೊಂಡು ಹೋಗಿ, ಎದೆ ಅಗಲಿಸು, ಉಸಿರು ಎಳೆದುಕೊಳ್ಳಬೇಡ ಅಂದರು. ಅದು ಆಗಲ್ಲ ಅಂದ ಅವನು. ಹಾಗೇ ಯೋಚನೆ ಬರದಂತೆ ತಡೆಯುವುದೂ ನಿನ್ನ ಕೈಲಿ ಆಗಲ್ಲ, ಎದುರು ನಿಲ್ಲುವುದು ಮಾತ್ರ ಆಗುತ್ತೆ ಅಂದರು. ಇನ್ನೊಬ್ಬರಿಗೆ ಬಟ್ಟೆಯ ಪೆಟ್ಟಿಗೆಯ ಮಾತು ಹೇಳಿದರು. ತುಂಬಿಟ್ಟ ಬಟ್ಟೆಯನ್ನು ಹಾಗೇ ಬಿಟ್ಟರೆ ಕಾಲ ಕಳೆದಂತೆ ಹಾಳಾಗುತ್ತದೆ. ಯೋಚನೆಗಳೂ ಹಾಗೇ, ಅವುಗಳ ಪ್ರಕಾರ ಏನೂ ಮಾಡದೆ ಬಿಟ್ಟರೆ ತಾವೇ ಕೆಡುತ್ತವೆ.

ಈ ಮಾತು ನನಗೆ ಅರ್ಥವಾದದ್ದು ಬೀರುವಿನ ಮುಂದೆ. ಅಮ್ಮ ಹೋದ ಮೇಲೆ ಅವರ ಮೂರು ರೇಷ್ಮೆ ಸೀರೆ ನನಗೆ ಬಂದಿದ್ದವು. ವರ್ಷಕ್ಕೊಮ್ಮೆ ಮಡಿಕೆ ಬದಲಾಯಿಸು ಎಂದು ಹೇಳಿಯೇ ಹೋಗಿದ್ದರು. ನಾನು ಬೀರು ತೆರೆದರೆ ತಾನೇ? ಮದುವೆಗೆ ಆದೀತೇನೋ ಎಂದು ಒಂದನ್ನು ಎತ್ತಿದೆ. ಮಡಿಕೆಯ ಗೆರೆಯಲ್ಲೇ ಚರ್ ಎಂದು ಹಿಸಿಯಿತು. ಯಾರೂ ಉಡಲಿಲ್ಲ, ಯಾರೂ ಎಳೆಯಲಿಲ್ಲ. ಸುಮ್ಮನಿದ್ದೇ ಜೀರ್ಣವಾಗಿತ್ತು. ಒಂದು ಕ್ಷಣ ಅಳು ಬಂತು, ಅಮ್ಮನ ಸೀರೆ ಅಲ್ವಾ. ಆಮೇಲೆ ಅಬ್ಬಾ ನೆನಪಾದರು. ಗಿಣಿ ಹಸಿರು ಸೀರೆಯನ್ನು ನಾನು ಸುಮ್ಮನೆ ಇರಲು ಬಿಟ್ಟಿರಲೇ ಇಲ್ಲ. ದಿನಕ್ಕೆ ಮೂರು ಸಲ ತೆಗೆದು, ಗಾಳಿಗೆ ಹಾಕಿ, ಮಡಿಕೆ ಬದಲಾಯಿಸಿ ಇಡುತ್ತಿದ್ದೆ. ಅಮ್ಮನ ಸೀರೆಗೆ ಮಾಡಬೇಕಾದ್ದನ್ನೆಲ್ಲ ಅದಕ್ಕೆ ಮಾಡಿದ್ದೆ.

ಅವತ್ತಿನಿಂದ ಜಗಳ ನಿಲ್ಲಿಸಿದೆ. ಬಂತಾ, ಬರಲಿ. ಕೂರು ಎಂದು ಮಣೆ ಹಾಕಲಿಲ್ಲ ಅಷ್ಟೇ. ಶುಭ ಶುಕ್ರವಾರದ ಹೊತ್ತಿಗೆ ದಿನಕ್ಕೊಮ್ಮೆಯೂ ನೆನಪಾಗುತ್ತಿರಲಿಲ್ಲ.

ಪಾಸ್ಕ ಜಾಗರಣೆಯ ರಾತ್ರಿ ಹೊಸ ಬೆಂಕಿ, ದೊಡ್ಡ ಮೇಣದಬತ್ತಿ. ಇಷ್ಟು ದಿನ ಹಾಡದೆ ಇಟ್ಟ ಅಲ್ಲೆಲೂಯ ಎಂಬ ಸ್ತುತಿ ಮತ್ತೆ ಎದ್ದಿತು. ಸೋಮವಾರ ಬೆಳಿಗ್ಗೆ ಯಜಮಾನರು ಫೋನ್ ಹಿಡಿದು ಬಂದರು. ನಿಮ್ಮ ಕಾರ್ಟಿನಲ್ಲಿ ಏನೋ ಮರೆತಿದ್ದೀರಿ, ಈಗ ಬೆಲೆ ಇಳಿದಿದೆ ಅಂತ ಮೆಸೇಜು. ನಗು ಬಂತು. ಸೈತಾನ ತಕ್ಕ ಸಮಯ ಬರುವವರೆಗೆ ಬಿಟ್ಟುಹೋದ ಎಂದು ಲೂಕ ಬರೆದದ್ದು ಸುಮ್ನೆ ಅಲ್ಲ. ಹರಕೆ ಮುಗಿದಿತ್ತು. ಕೊಂಡರೂ ತಪ್ಪಿರಲಿಲ್ಲ. ನೋಡಿದೆ. ಒಂದು ಹಸಿರು ಸೀರೆ. ಇದಕ್ಕಾ ಅನ್ನಿಸಿತು.

ಇಲ್ಲಿಗೇ ಕತೆ ನಿಂತಿದ್ದರೆ ಚೆನ್ನಾಗಿರುತ್ತಿತ್ತು.

ಮದುವೆಗೆ ಅಮ್ಮನ ಸೀರೆಗಳಲ್ಲಿ ಗಟ್ಟಿಯಾಗಿದ್ದ ಒಂದನ್ನು ಉಟ್ಟುಕೊಂಡು ಹೋದೆ, ಈರುಳ್ಳಿ ಬಣ್ಣದ್ದು. ಊಟದ ಸಾಲಿನಲ್ಲಿ ನೆಂಟರೊಬ್ಬರು ಸೆರಗು ಹಿಡಿದು ನೋಡಿ, ಎಷ್ಟು ಚೆನ್ನಾಗಿದೆ, ಎಲ್ಲಿ ತಗೊಂಡೆ ಅಂದರು. ಅಮ್ಮನದು ಅಂದರೆ ಸಾಕಿತ್ತು. ನಾನು ಬಾಯಿ ಬಿಟ್ಟೆ. ಅಯ್ಯೋ, ತಪಸ್ಸು ಕಾಲದಲ್ಲಿ ಹರಕೆ ಹೊತ್ತಿದ್ದೆ, 40 ದಿನ ಒಂದು ಕರ್ಚೀಫ್ ಕೂಡ ಕೊಂಡಿಲ್ಲ ಗೊತ್ತಾ, ಮನಸ್ಸಿದ್ದರೆ ಯಾವುದೂ ಕಷ್ಟ ಅಲ್ಲ ನೋಡಿ. ಹೇಳುತ್ತಾ ಹೇಳುತ್ತಾ ದನಿ ಏರಿತ್ತು. ಕಾರ್ಟಿನ ವಿಷಯ ಹೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿರುವುದೂ ಅದೇ ಲೆಕ್ಕಕ್ಕೆ ಬರುತ್ತದೋ ಏನೋ.

ಆಗ ಎದುರಿಗೆ ಪಾಯಸ ಬಡಿಸುತ್ತಿದ್ದ ಹುಡುಗ ಸೌಟು ಹಿಡಿದು ನಿಂತಿದ್ದ, ನಾನು ಮಾತು ಮುಗಿಸಲಿ ಅಂತ. ಪಕ್ಕದ ಸಾಲಿನವರೂ ತಿರುಗಿ ನೋಡುತ್ತಿದ್ದರು.