ಹೊತ್ತ ನೋಡಿ ನೂಕು

ನಮ್ಮ ಕಾಲೇಜಿನ ಹಿಂದೆ ದೊಡ್ಡದೊಂದು ಬೇವಿನ ಮರ ಇತ್ತು. ನಾಗರ ಪಂಚಮಿಗೆ ಅದಕ್ಕೆ ಜೋಕಾಲಿ ಬೀಳುತ್ತಿತ್ತು. ಬಾಗಲಕೋಟೆಯಲ್ಲಿ ಪಂಚಮಿ ಅಂದರೆ ಉಂಡಿ ಮತ್ತು ಜೋಕಾಲಿ, ಅಲ್ವಾ? ಪಿಯುಸಿ ಮೊದಲ ವರ್ಷ, ಹಬ್ಬದ ಮರುದಿನ, ಫಿಜಿಕ್ಸ್ ಸರ್ ನಮ್ಮನ್ನೆಲ್ಲ ಆ ಮರದ ಕೆಳಗೆ ಕರೆದುಕೊಂಡು ಹೋದರು.

ಗೆಳತಿಯೊಬ್ಬಳನ್ನು ಕೂರಿಸಿ, ನನಗೆ ನೂಕಲು ಹೇಳಿದರು. ನಾನು ಮೈಯ ಶಕ್ತಿಯನ್ನೆಲ್ಲ ಹಾಕಿ, ಮನಸ್ಸಿಗೆ ಬಂದಾಗಲೆಲ್ಲ ನೂಕಿದೆ. ಜೋಕಾಲಿ ಸೊಟ್ಟಸೊಟ್ಟ ತೂಗಿತೇ ಹೊರತು ಮೇಲೇರಲಿಲ್ಲ.

"ಜೋರ್ ಹಚ್ಚಬ್ಯಾಡೋ ತಮ್ಮಾ, ಹೊತ್ತ ನೋಡಿ ನೂಕು" ಎಂದರು ಸರ್.

ಅದು ಹಿಂದೆ ಬಂದು ಮುಂದಕ್ಕೆ ಹೊರಳುವ ಗಳಿಗೆಗೆ ಕಾದು, ಒಂದೇ ಕೈಯಿಂದ ಮೆತ್ತಗೆ ನೂಕಿದೆ. ಹತ್ತು ಹನ್ನೆರಡು ಸಲಕ್ಕೆ ಅವಳು "ಸಾಕೋ!" ಎಂದು ಕೂಗಿದಳು.

ಆಮೇಲೆ ಸಣ್ಣಗೆ ತೂಗಿಸಿ ಗಡಿಯಾರ ನೋಡಿದೆವು. ಹಗ್ಗ 5 ಮೀಟರ್. ಹೋಗಿ ಬಂದರೆ ಒಂದು ಎಂದು ಎಣಿಸಿದರೆ, ಹತ್ತು ತೂಗಿಗೆ ಸುಮಾರು 45 ಸೆಕೆಂಡ್. ದಪ್ಪಗಿದ್ದ ಗೆಳೆಯನನ್ನು ಕೂರಿಸಿದರೂ ಅಷ್ಟೇ. ಜೋಕಾಲಿಗೆ ತನ್ನದೇ ಲಯ ಇದೆ, ಅದನ್ನು ಹಗ್ಗದ ಉದ್ದ ಹೇಳುತ್ತದೆ, ಕೂತವರ ತೂಕ ಅಲ್ಲ. ಆ ಲಯಕ್ಕೆ ನೂಕಿದರೆ ಒಂದೊಂದು ನೂಕೂ ಹಿಂದಿನದಕ್ಕೆ ಕೂಡುತ್ತದೆ. ಲಯ ತಪ್ಪಿದರೆ ಕಳೆಯುತ್ತದೆ. ಪುಸ್ತಕದಲ್ಲಿ ಇದಕ್ಕೆ ಅನುರಣನೆ ಎಂದು ಹೆಸರು.

ಲ್ಯಾಬಿನಲ್ಲಿ ಅದೇ ಮಾತು ಗಾಳಿಗೆ. 512 ಹರ್ಟ್ಜ್ ಶ್ರುತಿಕವೆಯನ್ನು, ಅಂದರೆ ಸೆಕೆಂಡಿಗೆ 512 ಸಲ ಕಂಪಿಸುವ ಟ್ಯೂನಿಂಗ್ ಫೋರ್ಕನ್ನು, ಕೊಳವೆಯ ಬಾಯಿಗೆ ಹಿಡಿದು, ಒಳಗಿನ ನೀರನ್ನು ಇಳಿಸುತ್ತ ಹೋದೆ. 16 ಸೆಂಟಿಮೀಟರಿಗೆ ಕೊಳವೆ ಒಮ್ಮೆಲೇ ಗುಂಯ್ ಎಂದಿತು! ಆ ಖುಷಿ ಇನ್ನೂ ಕಿವಿಯಲ್ಲಿದೆ. ಇದು ಅಲೆಯ ಉದ್ದದ ಕಾಲು ಭಾಗ ಎಂದುಕೊಂಡು, ಪೂರ್ತಿ ಉದ್ದವನ್ನು 512ರಿಂದ ಗುಣಿಸಿದೆ, ಶಬ್ದದ ವೇಗ ಸೆಕೆಂಡಿಗೆ 328 ಮೀಟರ್ ಬಂತು. ಇರಬೇಕಾದ್ದಕ್ಕಿಂತ ಕಡಿಮೆ. ಸರ್ ಬೈಯಲಿಲ್ಲ. ನೀರು ಇನ್ನೂ ಇಳಿಸು ಎಂದರು. 50ಕ್ಕೆ ಮತ್ತೆ ಗುಂಯ್. ಕೊಳವೆಯ ಬಾಯಿಂದ ತುಸು ಮೇಲಿನ ಗಾಳಿಯೂ ಜೊತೆಗೆ ತೂಗುತ್ತದೆ, ಹಾಗಾಗಿ ಒಂದೇ ಅಳತೆ ನಂಬಬಾರದು. ಎರಡರ ವ್ಯತ್ಯಾಸ 34, ಅದು ಅರ್ಧ ಅಲೆ. ಈಗ ಸೆಕೆಂಡಿಗೆ 348 ಮೀಟರ್!

ಪರೀಕ್ಷೆಯಲ್ಲಿ ನಾನು ಅನುರಣನೆಗೆ ವಿಜಯಪುರದ ಗೋಳಗುಮ್ಮಟದ ಉದಾಹರಣೆ ಬರೆದಿದ್ದೆ. ಸರ್ ಅದಕ್ಕೆ ಕಾಟು ಹೊಡೆದರು. ಅಲ್ಲಿ ಪಿಸುಮಾತು ದುಂಡನೆಯ ಗೋಡೆಗೆ ತಾಗುತ್ತ ತಾಗುತ್ತ ಆಚೆ ಬದಿಗೆ ಬರುತ್ತದೆ. ಅದು ಪ್ರತಿಫಲನ, ಇದು ಬೇರೆ. ಅಂಕ ಹೋದರೂ ಆ ವ್ಯತ್ಯಾಸ ನನ್ನ ಹತ್ತಿರ ಉಳಿಯಿತು.

ಈಗಲೂ ಬಸ್ ನಿಲ್ದಾಣದಲ್ಲಿ ಇಂಜಿನ್ ಸುಮ್ನೆ ಓಡುತ್ತಿರುವಾಗ ಕಿಟಕಿ ಗಾಜು ಗಡಗಡ ಎನ್ನುತ್ತದೆ. ಡ್ರೈವರ್ ಎಕ್ಸಿಲರೇಟರ್ ಒತ್ತಿದ ಕೂಡಲೇ ಇಂಜಿನ್ನಿನ ಲಯ ಬದಲಾಗಿ ಗಾಜು ಸುಮ್ಮನಾಗುತ್ತದೆ. ಪಕ್ಕದಲ್ಲಿ ಯಾರೇ ಕೂತಿರಲಿ, ಅವರಿಗೆ ಜೋಕಾಲಿಯ ಕಥೆ ಹೇಳಲು ಶುರು ಮಾಡುತ್ತೇನೆ.